ಮುಯ್ಯಾಳು ತಂಡದ ಇಬ್ಬರು

2025 ಜೂನ್ 4, ಬುಧವಾರ. ಬೆಳಗ್ಗೆ 6.40

ಕೋಣೆ 29 ಡಿಗ್ರಿ. ಮೊದಲ ಪ್ರೊಸೆಸರ್ 71, ಎರಡನೆಯದು 78. ಏಳು ಡಿಗ್ರಿಯ ವ್ಯತ್ಯಾಸ ಸಹಜವಲ್ಲ. ಬಿಸಿ ಎಳೆಯುವ ಹೀಟ್‌ಸಿಂಕ್ ಬಿಚ್ಚಿ, ಒಣಗಿದ ಪೇಸ್ಟ್ ಒರೆಸಿ, ಹೊಸದನ್ನು ಹಚ್ಚಿ ಕೂರಿಸಿದೆ. ಈಗ 71, 72.

ಯಂತ್ರ ಬಂದು ಐದು ದಿನ. ಕೊಯಮತ್ತೂರಿನಲ್ಲಿ ಯಾರೋ ಆಫೀಸು ಮುಚ್ಚುವಾಗ ಮಾರಿದ ಸರ್ವರ್. ಎರಡು ಪ್ರೊಸೆಸರ್, ಒಂದೊಂದರಲ್ಲಿ ಮೂವತ್ತೆರಡು ಕೋರ್. ಒಂದು ಕೋರ್ ಎರಡು ಕೆಲಸ ಹಿಡಿಯುತ್ತದೆ. ಒಟ್ಟು ಏಕಕಾಲಕ್ಕೆ ನೂರ ಇಪ್ಪತ್ತೆಂಟು. ನನ್ನ ಸ್ವಂತ ಕೆಲಸ ಅಷ್ಟಿಲ್ಲ. ಒಂದೂ ಇಲ್ಲ ಎನ್ನುವುದು ನಿಖರ.

ಆದ್ದರಿಂದ ಇಡೀ ಯಂತ್ರ ದಾನಕ್ಕೆ. ದೂರದ ವಿಶ್ವವಿದ್ಯಾಲಯವೊಂದು ಅತಿ ದೊಡ್ಡ ಅವಿಭಾಜ್ಯ ಸಂಖ್ಯೆಗಳನ್ನು ಹುಡುಕುತ್ತಿದೆ. ಹುಡುಕಾಟವನ್ನು ತುಂಡುಗಳಾಗಿ ಒಡೆದು ಸ್ವಯಂಸೇವಕರ ಕಂಪ್ಯೂಟರುಗಳಿಗೆ ಹಂಚುತ್ತಾರೆ. ಚಿಕ್ಕ ಯೋಜನೆ, ಮುನ್ನೂರು ಜನರೂ ಇಲ್ಲ. ಒಂದೊಂದು ತುಂಡೂ ಇಬ್ಬರಿಗೆ ಹೋಗುತ್ತದೆ. ಇಬ್ಬರ ಉತ್ತರವೂ ಅಂಕಿಗೆ ಅಂಕಿ ಒಂದೇ ಆಗಿ ಕೂಡಿದರೆ ಮಾತ್ರ ಒಪ್ಪಿಗೆ, ಇಬ್ಬರಿಗೂ ಅಂಕ. ಅಲ್ಲಿಯವರೆಗೆ ಮೊದಲು ಮುಗಿಸಿದವನ ಉತ್ತರ ‘ಬಾಕಿ’ ಎಂಬ ಪಟ್ಟಿಯಲ್ಲಿ ಕಾಯುತ್ತದೆ.

ಇದನ್ನೆಲ್ಲ ಯಾರಿಗೆ ವಿವರಿಸುತ್ತಿದ್ದೇನೆ? ಕನ್ನಡ ಲಿಪಿಯನ್ನು ಬೆಂಗಳೂರಿನ ತರಬೇತಿಯ ಎರಡು ವರ್ಷಗಳಲ್ಲಿ ನಾನಾಗಿ ಕಲಿತೆ. ಮನೆಮಾತು ಕನ್ನಡವಾದರೂ ಬೋಡಿನಾಯಕನೂರಿನ ಈ ಬೀದಿಯಲ್ಲಿ ಇದನ್ನು ಓದುವವರಿಲ್ಲ. ನೋಟ್‌ಬುಕ್ಕಿಗೆ ಬೀಗ ಬೇಕಿಲ್ಲ.

ಜೂನ್ 5, ಗುರುವಾರ. ಸಂಜೆ 5.15

ಮನೆಯೊಡತಿ ಚಿನ್ನಮ್ಮಾಳ್ ಮೆಟ್ಟಿಲು ಹತ್ತಿ ಬಂದರು. ಅರವತ್ತೆಂಟು ವರ್ಷ, ಮೊಣಕಾಲು ನೋವು, ಸುಮ್ಮನೆ ಹತ್ತುವವರಲ್ಲ. ಕೆಳಗೆ ಅವರ ಮನೆ, ಪಕ್ಕದಲ್ಲಿ ಏಲಕ್ಕಿ ಗೋದಾಮು.

“ತಂಬಿ, ಮೇಲೆ ಏನ್ ರೈಸ್‌ಮಿಲ್ಲು ಇಕ್ಕಿದೀಯಾ? ನೆತ್ತಿ ಮೇಲೆ ಗುಯ್ ಅಂತದೆ.”

“ಕಂಪ್ಯೂಟರ್ ಅಕ್ಕ. ಫ್ಯಾನಿನ ಸದ್ದು.”

“ಕಂಪ್ಯೂಟರು ನನ್ ಮಗಳ ಮನೇಲೂ ಅದೆ. ಬೆಕ್ಕಿನಂಗೆ ಬಿದ್ದಿರ್ತದೆ. ಇದು ಏನ್ ಕೆಲ್ಸ ಮಾಡ್ತದೆ?”

“ಬೇರೆಯವ್ರ ಲೆಕ್ಕ.”

“ಕೂಲಿ?”

“ಇಲ್ಲ.”

“ಕೂಲಿ ಇಲ್ದೆ ಅವ್ರ ಒಲಕ್ಕೆ ಓಯ್ತದಾ? ಅಂಗಾರೆ ಮುಯ್ಯಾಳು ಅನ್ನು.” ಸಮಾಧಾನವಾದಂತೆ ಬಾಗಿಲಿಗೆ ಒರಗಿದರು. “ಸರಿ, ನಮ್ ಒಲಕ್ಕೆ ಅವ್ರು ಯಾವತ್ತು ಬರೋದು?”

“ಅವ್ರು ಬರಲ್ಲ ಅಕ್ಕ.”

“ಬರಲ್ವಾ? ಅಂಗಾರೆ ನೀನು ಮುಯ್ಯಾಳಲ್ಲ ತಂಬಿ. ಅದಕ್ಕೆ ತಮಿಳ್ನಲ್ಲಿ ಬ್ಯಾರೆ ಪೇರು ಅದೆ. ನಿನ್ ಮೊಗ ನೋಡ್ಕಂಡು ಸೊಲ್ಲಾಕಾಗಲ್ಲ.”

ನಕ್ಕು ಇಳಿದುಹೋದರು. ಕೆಳಗಿನ ಮೆಟ್ಟಿಲಿನಲ್ಲಿಯೂ ನಗುವುದು ಕೇಳಿಸಿತು. ತಮ್ಮನಿಗೆ ತಂಬಿ, ಹೆಸರಿಗೆ ಪೇರು, ಹೇಳುವುದಕ್ಕೆ ಸೊಲ್ಲು: ನಮ್ಮ ಕನ್ನಡದಲ್ಲಿ ತಮಿಳು ಹೀಗೆ ಬೆರೆತಿದೆ.

ಮುಯ್ಯಾಳು. ಇವತ್ತು ನಾನು ನಿನ್ನ ಹೊಲಕ್ಕೆ, ನಾಳೆ ನೀನು ನನ್ನ ಹೊಲಕ್ಕೆ. ಕೈಗೆ ಕೂಲಿ ಇಲ್ಲ. ಈ ಪದವನ್ನು ಅವರ ಬಾಯಲ್ಲಿ ಕೇಳಿದಾಗ ಕಿವಿ ಬಿಸಿಯಾಯಿತು. ನನ್ನ ತಂಡದ ಹೆಸರೂ ಅದೇ. ಹದಿನೇಳು ವರ್ಷದ ಹಿಂದೆ, ವೇದಸಂದೂರಿನ ಮಿಲ್ಲಿನ ಕ್ವಾರ್ಟರ್ಸಿನಲ್ಲಿ, ಅಲ್ಲಿ ಜೊತೆಗೆ ಕೆಲಸಕ್ಕಿದ್ದ ಗೆಳೆಯ ಈಶ್ವರನ್ ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಿ ತಂಡ ಕಟ್ಟಿದ. ಯೋಜನೆಯ ಪುಟದಲ್ಲಿ ಈಗಲೂ ಇದೆ. ಸದಸ್ಯರು: ಎರಡು.

ಜೂನ್ 8, ಭಾನುವಾರ. ಮಧ್ಯಾಹ್ನ 2.00

ಅಳತೆ ಮುಗಿಯಿತು. ನೂರ ಇಪ್ಪತ್ತೆಂಟು ಕೆಲಸ ಒಟ್ಟಿಗೆ: ಒಂದೊಂದಕ್ಕೆ 9 ಗಂಟೆ 20 ನಿಮಿಷ. ಅರವತ್ತನಾಲ್ಕು ಮಾತ್ರ: 4 ಗಂಟೆ 10 ನಿಮಿಷ. ಅಂದರೆ ಅರ್ಧ ಕೊಟ್ಟರೆ ಹೆಚ್ಚು ಮುಗಿಯುತ್ತದೆ. ಮೆಮೊರಿಯ ದಾರಿಯಲ್ಲಿ ಎಲ್ಲರೂ ಒಮ್ಮೆಗೇ ನುಗ್ಗಿ ಒಬ್ಬರನ್ನೊಬ್ಬರು ತಡೆಯುತ್ತಿದ್ದರು. ಶೇಕಡಾ 50ಕ್ಕೆ ನಿಲ್ಲಿಸಿದೆ.

ಕೆಲಸದ ದಾಸ್ತಾನು: ಹತ್ತು ದಿನ, ಮೇಲೆ ಇನ್ನೂ ಹತ್ತು. ಆಷಾಢದ ಗಾಳಿ ಶುರುವಾದರೆ ಘಟ್ಟದ ಬುಡದಲ್ಲಿ ಇಂಟರ್‌ನೆಟ್ ನಂಬುವಂತಿಲ್ಲ. ಯಂತ್ರ ಖಾಲಿ ಕೂರಬಾರದು. ಒಪ್ಪಿಗೆ ಒತ್ತಿದ ಹತ್ತೇ ನಿಮಿಷದಲ್ಲಿ ಯೋಜನೆಯ ಗರಿಷ್ಠ ಮಿತಿ — 3,072 ತುಂಡು — ಬಂದು ಬಿದ್ದಿತು. ಸಂತೋಷವಾಯಿತು ಎಂದೇ ಬರೆಯಬೇಕು.

ಈಶ್ವರನ್‌ನ ಕಂಪ್ಯೂಟರ್: ಕೊನೆಯ ಸಂಪರ್ಕ ಇವತ್ತು ಬೆಳಗ್ಗೆ 5.12. ನಾಲ್ಕು ಕೋರಿನ ಅದೇ ಹಳೆಯದು.

ಎದ್ದಿದ್ದಾನೆ.

ಜೂನ್ 9, ಸೋಮವಾರ. ಬೆಳಗ್ಗೆ 7.00

ಯಂತ್ರ ಕೊಂಡ ಕಾರಣವನ್ನು ಇಲ್ಲಿಯಾದರೂ ಬರೆಯಬೇಕು. ತಂಡದ ಪುಟದಲ್ಲಿ ನನ್ನ ಅಂಕ ಒಮ್ಮೆಗೇ ಏರಿದರೆ ಅವನ ಕಣ್ಣಿಗೆ ಬಿದ್ದೀತು. ಬಿದ್ದರೆ ಏನಾದರೂ ಅಂದಾನು. ಒಂದು ಮಾತು ಸಾಕು. ಬೈಗುಳವಾದರೂ.

ನನ್ನ ತಾಯಿ ತೀರಿಕೊಂಡಾಗ ಕರೆಯದೆಯೇ ಬಂದು ಒಂಬತ್ತು ದಿನ ಇದ್ದವನು.

2019ರ ಮಾರ್ಚ್. ಅವನ ಹೆಂಡತಿ ಮಣಿಮೇಗಲೈ ದಿಂಡಿಗಲ್‌ನ ಆಸ್ಪತ್ರೆಯಲ್ಲಿದ್ದರು. ಈಶ್ವರನ್ ಹನ್ನೊಂದು ದಿನ ಸರಿಯಾಗಿ ಮಲಗಿರಲಿಲ್ಲ. ಬುಧವಾರ ಫೋನ್ ಮಾಡಿದ: ಗುರುವಾರದಿಂದ ಮೂರು ದಿನ ಹತ್ತಿರ ಕೂರಲು ಬರುತ್ತೀಯಾ? ಬರುತ್ತೇನೆ ಎಂದೆ. ಮಿಲ್ಲಿನಲ್ಲಿ ಹೊಸ ಯಂತ್ರಗಳ ಡ್ರೈವ್ ಕೈಕೊಟ್ಟಿತ್ತು. ಇನ್ನೊಂದು ಗಂಟೆಯಲ್ಲಿ ಹೊರಡುತ್ತೇನೆ ಎಂದು ಎರಡು ದಿನ ಅಂದುಕೊಂಡೆ. ಫೋನ್ ಮಾಡಲಿಲ್ಲ. ಶುಕ್ರವಾರ ನಸುಕಿನಲ್ಲಿ ಅವನು ಕುರ್ಚಿಯಲ್ಲೇ ನಿದ್ದೆಹೋದ. ಆ ಹೊತ್ತಿನಲ್ಲೇ ಮಣಿಮೇಗಲೈ ತೀರಿಕೊಂಡರು. ನಾನು ಶನಿವಾರ ತಲುಪಿದೆ, ನೇರವಾಗಿ ಅವನ ಊರು ಹನುಮಂತನಪಟ್ಟಿಗೆ.

“ಬಂದ್ಯಾ. ಉಂಡು ಓಗು,” ಎಂದ. ಆಮೇಲೆ ಇವತ್ತಿನವರೆಗೂ ಮಾತಿಲ್ಲ. ಮಿಲ್ ಬಿಟ್ಟು ಊರಿನಲ್ಲಿ ದ್ರಾಕ್ಷಿ ತೋಟ ನೋಡಿಕೊಂಡಿದ್ದಾನೆ ಎಂದು ಬೇರೆಯವರಿಂದ ತಿಳಿಯಿತು.

ಎರಡು ದಿನ ತಡ. ನನ್ನ ತಪ್ಪಿನ ಅಳತೆ ಅದು. ಆರು ವರ್ಷದಿಂದ ಅದನ್ನೇ ಅಳೆಯುತ್ತಿದ್ದೇನೆ.

ಜೂನ್ 10, ಮಂಗಳವಾರ. ಬೆಳಗ್ಗೆ 5.50

ಘಟ್ಟದ ಮೇಲೆ ಬೋಡಿಮೆಟ್ಟಿನ ಆಚೆ, ಎಸ್ಟೇಟ್ ಒಂದರಿಂದ ರಿಪೇರಿಗೆ ಕರೆ. ಏಲಕ್ಕಿ ವಿಂಗಡಿಸುವ ಯಂತ್ರದ ಕ್ಯಾಮೆರಾ ಕೆಟ್ಟಿದೆ. ಒಂದು ವಾರ ಆಗಬಹುದು. ಯಾರೂ ಇಲ್ಲದಾಗ ಸರ್ವರ್ ಚಾಲೂ ಬಿಡುವುದಿಲ್ಲ. ಆರಿಸಿ ಹೊರಟೆ.

ಜೂನ್ 18, ಬುಧವಾರ. ಸಂಜೆ 6.30

ಬಂದೆ. ಅಲ್ಲಿ ಮಂಜು, ಇಲ್ಲಿ ಗಾಳಿ. ಎಂಟು ದಿನದಲ್ಲಿ ಕೆಲಸಕ್ಕೆ ಹೊರತಾದ ಮಾತು ಆಡಿದ್ದು ಬಸ್ಸಿನ ಕಂಡಕ್ಟರ್ ಜೊತೆ, ಚಿಲ್ಲರೆಗೆ. ಯಂತ್ರ ಹಚ್ಚಿದೆ. 70, 71.

ಜೂನ್ 19, ಗುರುವಾರ. ಬೆಳಗ್ಗೆ 8.10

ಈಶ್ವರನ್‌ನ ಅಂಕ ಹತ್ತು ದಿನದಿಂದ ಹೆಚ್ಚುಕಡಿಮೆ ನಿಂತಿದೆ. ಕೊನೆಯ ಸಂಪರ್ಕ ಮಾತ್ರ ಇವತ್ತಿನದೇ. ಅಂದರೆ ಯಂತ್ರ ನಡೆಯುತ್ತಿದೆ, ಫಲ ಬರುತ್ತಿಲ್ಲ. ಅವನ ಕಂಪ್ಯೂಟರ್ ಕೆಟ್ಟಿರಬೇಕು. ಅಥವಾ ಅವನಿಗೆ ಮೈ ಸರಿಯಿಲ್ಲದೆ ನೋಡಿಕೊಳ್ಳುತ್ತಿಲ್ಲ… ಎರಡನೆಯದನ್ನು ಹೆಚ್ಚು ಯೋಚಿಸಬಾರದು.

8.40

ಅವನ ಕಂಪ್ಯೂಟರ್ ಸರಿಯಾಗಿಯೇ ಇದೆ. ಬಾಕಿ ಪಟ್ಟಿಯಲ್ಲಿ ನಲವತ್ತೊಂದು ಉತ್ತರ. ಎಲ್ಲವೂ ಎರಡನೆಯವನಿಗೆ ಕಾಯುತ್ತಿವೆ. ಮೊದಲನೆಯದನ್ನು ತೆರೆದು ಆ ಎರಡನೆಯ ಕಂಪ್ಯೂಟರಿನ ನಂಬರ್ ನೋಡಿದೆ. ಎರಡನೆಯದನ್ನು ತೆರೆದೆ. ಮೂರನೆಯದನ್ನು. ಒಂದೇ ನಂಬರ್.

ನಂಬರ್ ನನಗೆ ಗೊತ್ತಿರುವುದೇ. ಯಂತ್ರದ ಮೇಲೆ ನಾನೇ ಬರೆದು ಅಂಟಿಸಿದ್ದೇನೆ.

ನಲವತ್ತೊಂದನ್ನೂ ತೆರೆದು ನೋಡಿದೆ. ಅಗತ್ಯವಿರಲಿಲ್ಲ.

ಜೂನ್ 20, ಶುಕ್ರವಾರ. ಬೆಳಗ್ಗೆ 11.30

ನನ್ನ ದಾಸ್ತಾನಿನಲ್ಲಿ ಇನ್ನೂ 1,856. ಒಂದೊಂದರ ಹಿಂದೆಯೂ ಯಾರೋ ಒಬ್ಬರು. ಅವನ ನಲವತ್ತೊಂದನ್ನು ಬಿಟ್ಟು ಉಳಿದೆಲ್ಲವನ್ನೂ ತಡೆಹಿಡಿದೆ. ನಲವತ್ತೊಂದು ಕೋರ್ ಕೆಲಸದಲ್ಲಿ, ಮಿಕ್ಕವು ಸುಮ್ಮನೆ. ಫ್ಯಾನ್ ಇಳಿಯಿತು.

ಚಿನ್ನಮ್ಮಾಳ್ ಕೆಳಗಿನಿಂದಲೇ ಕೂಗಿದರು. “ತಂಬಿ, ಇವತ್ತು ನಿನ್ ಮಿಷಿನು ಮೆತ್ತಗೆ ಮಾತಾಡ್ತದೆ. ಯಾರಾದ್ರೂ ಬೈದ್ರಾ?”

ಇಳಿದುಹೋದೆ. ಯಾಕೆ ಹೇಳಿದೆನೋ, ಹೇಳಿದೆ: ಮಾಡಲಾಗದಷ್ಟು ಕೆಲಸ ಒಪ್ಪಿಕೊಂಡು, ಯಂತ್ರ ಆರಿಸಿ ಎಸ್ಟೇಟಿಗೆ ಹೋಗಿದ್ದೆ; ಅಷ್ಟು ದಿನವೂ ಗೊತ್ತಿರುವ ಒಬ್ಬರು ನನಗಾಗಿ ಕಾದಿದ್ದಾರೆ.

ಅವರು ಏಲಕ್ಕಿ ಆರಿಸುವುದನ್ನು ನಿಲ್ಲಿಸಲಿಲ್ಲ. “ಬರಲ್ಲ ಅಂದಿದ್ರೆ ಅವ್ನು ಬ್ಯಾರೆ ಆಳು ಕರೀತಿದ್ದ ತಂಬಿ. ಯಾರ ಮೇಲೂ ಕ್ವಾಪ ಇಲ್ಲ. ಬತ್ತೀನಿ ಅಂದೋನ್ಗೇ ಅಲ್ವಾ ಒಲದ ಬದುವಿನ ಮ್ಯಾಲೆ ಕುಂತು ಕಾಯೋದು? ಬ್ಯಾರೆಯೋರು ಬತ್ತೀವಿ ಅಂದ್ರೂ ಬ್ಯಾಡ ಅಂತಾನೆ. ಆಳು ಆಗ್ಲೇ ಸೊಲ್ಲಿದೀನಿ ಅಂತಾನೆ.”

ಮೇಲೆ ಬಂದು ಕುಳಿತೆ.

ನಾನು ಬರುವುದಿಲ್ಲ ಎಂದಿದ್ದರೆ ಆ ಗುರುವಾರ ಆ ಕುರ್ಚಿಯಲ್ಲಿ ಇನ್ನೊಬ್ಬರು ಇರುತ್ತಿದ್ದರು. ಎಚ್ಚರವಾಗಿ. ತಡವಾದದ್ದು ತಪ್ಪಿನ ಚಿಕ್ಕ ಭಾಗ. ಆರು ವರ್ಷ ತಪ್ಪು ರಾಶಿಯನ್ನು ಅಳೆದಿದ್ದೇನೆ.

ಮಧ್ಯಾಹ್ನ 3.10

ಮುಗಿಯಿತು. ನಲವತ್ತೊಂದನ್ನೂ ಕಳಿಸಿದೆ. ಉಳಿದವನ್ನು ‘ಆಗುವುದಿಲ್ಲ’ ಎಂದು ಹಿಂದಿರುಗಿಸಿದೆ, ಬೇರೆಯವರಿಗೆ ಹೋಗುತ್ತವೆ. ದಾಸ್ತಾನು: ಅರ್ಧ ದಿನ.

ಜೂನ್ 21, ಶನಿವಾರ. ಬೆಳಗ್ಗೆ 6.30

ನಲವತ್ತು ಕೂಡಿದವು. ಒಂದು ಕೂಡಲಿಲ್ಲ. ಅವನದೊಂದು ಉತ್ತರ, ನನ್ನದೊಂದು. ಮೂರನೆಯವರಿಗೆ ಹೋಗಿದೆ.

ಅವನ ಅಂಕ ಏರಿದೆ. ಪುಟವನ್ನು ಬೆಳಗಿನಿಂದ ನಾಲ್ಕು ಸಲ ನೋಡಿದೆ. ಐದು.

ಜೂನ್ 22, ಭಾನುವಾರ. ಬೆಳಗ್ಗೆ 9.05

ಯೋಜನೆಯ ತಾಣದಲ್ಲಿ ಬಾಲನ್ ಎಂಬ ನನ್ನ ಹೆಸರಿಗೆ ಒಂದು ಸಂದೇಶ. ಇಂಗ್ಲಿಷ್ ಅಕ್ಷರಗಳಲ್ಲಿ ನಮ್ಮ ಮಾತು:

“ಕೂಡದೆ ಇದ್ದದ್ದು ನಿಂದೇ ತಪ್ಪು. ಮೂರನೆಯೋನ ಉತ್ರ ನನ್ ಉತ್ರನೇ. ಮೆಮೊರಿ ಸ್ಪೀಡ್ ಇಳಿಸು.”

ಸಹಿ ಇಲ್ಲ. ಬೇಕಾಗಿಯೂ ಇಲ್ಲ.

ಇಳಿಸಿದೆ. 3200ರಿಂದ 2666ಕ್ಕೆ. ಮೆಮೊರಿ ಪರೀಕ್ಷೆ ಮೂರು ಸುತ್ತು, ತಪ್ಪಿಲ್ಲ. ಅವನು ಹೇಳಿದ್ದು ಸರಿ. ಯಾವಾಗಲೂ ನನಗಿಂತ ಬೇಗ ಕಂಡುಹಿಡಿಯುತ್ತಿದ್ದ.

ಉತ್ತರ ಬರೆಯಲು ಕುಳಿತೆ. ‘ನಾಳೆ ಬರುತ್ತೇನೆ’ ಎಂದು ಬರೆದು, ಓದಿ, ಅಳಿಸಿದೆ. ಏನನ್ನೂ ಕಳಿಸಲಿಲ್ಲ.

ಜೂನ್ 23, ಸೋಮವಾರ. ಬೆಳಗ್ಗೆ 11.20. ಹನುಮಂತನಪಟ್ಟಿ

ತೇವಾರಂ ದಾರಿಯ ಬಸ್ಸಿನಲ್ಲಿ ಬಂದೆ, ತಿಳಿಸದೆ. ತೋಟದ ಪಂಪ್‌ಶೆಡ್ಡಿನ ಕಟ್ಟೆಯ ಮೇಲೆ ಕುಳಿತು ಬರೆಯುತ್ತಿದ್ದೇನೆ. ಕೈಗೆ ಏನಾದರೂ ಕೆಲಸ ಬೇಕು.

ನಾನು ಬಂದಾಗ ಅವನು ಚಪ್ಪರದ ಕೆಳಗೆ ದ್ರಾಕ್ಷಿಗೆ ಕವಾತ್ತು ಮಾಡುತ್ತಿದ್ದ, ಹಳೆಯ ಕಡ್ಡಿಗಳನ್ನು ಕತ್ತರಿಸಿ ಬೀಳಿಸುತ್ತ. ತಲೆ ಪೂರ್ತಿ ಬೆಳ್ಳಗಾಗಿದೆ. ನನ್ನನ್ನು ನೋಡಿದ. ಕತ್ತರಿ ನಿಲ್ಲಲಿಲ್ಲ.

“ಎಷ್ಟಕ್ಕೆ ಇಳಿಸಿದೆ?”

“2666.”

“ಮ್.”

ಬಸ್ಸಿನಲ್ಲಿ ಕಟ್ಟಿಕೊಂಡು ಬಂದಿದ್ದ ವಾಕ್ಯ ಒಂದೇ. ಅದನ್ನು ಹೇಳಿದೆ. “ಆ ಬುಧವಾರಾನೇ ಬರಲ್ಲ ಅಂತ ಸೊಲ್ಲಬೇಕಾಗಿತ್ತು ನಾನು.”

ನಾಲ್ಕೈದು ಕಡ್ಡಿ ಬಿದ್ದವು. ಅವನು ನನ್ನ ಕಡೆ ತಿರುಗದೆ ಮಾತಾಡಿದ. “ಕಂಬಂ ಊರಲ್ಲಿ ನಮ್ ಚಿಕ್ಕವ್ವ, ಕಣ್ಣಮ್ಮಾಳ್ ಚಿತ್ತಿ, ಬ್ಯಾಗು ಕಟ್ಕಂಡು ನಿಂತಿದ್ಲು. ಬಸ್ ಏರೋದೊಂದೇ ಬಾಕಿ. ಬ್ಯಾಡ ಚಿತ್ತಿ, ಬಾಲನ್ ಬತ್ತಾನೆ ಅಂತ ನಾನೇ ಸೊಲ್ಲಿದೆ. ಈ ಬಾಯಲ್ಲಿ.” ಮುಂದಿನ ಬಳ್ಳಿಗೆ ಸರಿದು: “ಡೇ, ನಾ ಮಾತು ಬಿಟ್ಟದ್ದು ನೀ ಲೇಟಾಗಿ ಬಂದದ್ದಕ್ಕಲ್ಲ.”

“ಗೊತ್ತು.”

“ಯಾವತ್ತಿಂದ?”

“ಶುಕ್ರವಾರದಿಂದ.”

ಕತ್ತರಿ ನಿಂತಿತು. “ಅದು ತಿಳಿಯಾಕೆ ಆರು ವರ್ಷ ಇಡೀತಾ? ನೂರ ಇಪ್ಪತ್ತೆಂಟು ಇಕ್ಕಂಡು?”

ಅವನು ನಗಲಿಲ್ಲ, ನಾನೂ ನಗಲಿಲ್ಲ. ಅವನು ನೀರು ಕುಡಿಯಲು ಮನೆಯ ಕಡೆ ಹೋದ. ನಿಲ್ಲು ಎನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ಹನ್ನೆರಡು ನಿಮಿಷ ಆಯಿತು. ಹಿಂದಿರುಗುವ ಬಸ್ 12.05ಕ್ಕೆ. ಅದನ್ನು ಹಿಡಿಯಬೇಕಾದರೆ ಈಗ ಏಳಬೇಕು.

ಬರುತ್ತಿದ್ದಾನೆ. ದೂರದಿಂದಲೇ ಕೇಳುತ್ತಿದ್ದಾನೆ — “ಇನ್ನೂ ಎಲ್ಡು ಸಾಲು ಅದೆ. ನೀ ಬತ್ತೀಯಾ, ಇಲ್ವಾ? ಈಗ್ಲೇ ಸೊಲ್ಲು, ಬ್ಯಾರೆ ಆಳು ಕರೀತೀನಿ. ಬರ್ಕಂಡು ಕುಂತ್ಕಬ್ಯಾಡ.”

ಅವನ ಕೈಯಲ್ಲಿ ಎರಡು ಕತ್ತರಿ. ಒಂದರ ಹಿಡಿ ನನ್ನ ಕಡೆಗೆ —