ಐದು ಲೀಟರ್ ಪುಣೆ

12 ನವೆಂಬರ್ 2009, ಗುರುವಾರ. ಮೂಡಲಗಿ

ನಾಟಕದ ಪರದೆಗಳನ್ನು ಬಿಸಿಲಿಗೆ ಹಾಕಿದ್ದಾಯಿತು. ಅರಮನೆ ಪರದೆಯನ್ನು ಇಲಿ ಕಡಿದಿದೆ — ಸರಿಯಾಗಿ ಸಿಂಹಾಸನದ ಕಾಲಿನ ಹತ್ತಿರ. ತೇಪೆ ಹಚ್ಚಬೇಕು. ಮಮದಾಪುರದವರು ಬಾಡಿಗೆಗೆ ಒಯ್ದ ಕಿರೀಟ ತಂದುಕೊಟ್ಟರು. ಎರಡು ಮಣಿ ಇಲ್ಲ. ಕೇಳಿದೆ. “ರಾಜಾ ಭಾಳ ಕುಣದ್ರಿ ಮಾಸ್ತರ,” ಅಂದರು. ರಾಜ ಕುಣಿಯುವ ನಾಟಕ ಯಾವುದೋ, ದೇವರೇ ಬಲ್ಲ.

ಡಿಸೆಂಬರ್ 20ಕ್ಕೆ ಗೋಕಾಕದಲ್ಲಿ ನಮ್ಮ ನಾಟಕ. ನನ್ನದು ಮತ್ತೆ ಕುಡುಕನ ಪಾತ್ರ. ಇಪ್ಪತ್ತಾರನೇ ವರ್ಷ. ಪ್ರವೇಶ. ಕಂಬಕ್ಕೆ ಹಾಯುವುದು. ಕಂಬದ ಕ್ಷಮೆ ಕೇಳುವುದು. ಆಮೇಲೆ ಎದೆ ಬಡಿದುಕೊಂಡು — “ನಾ ಜನ್ಮದಾಗ ಕುಡದಿಲ್ಲಾ!” ಅಲ್ಲಿ ಶಿಳ್ಳೆ. ಪ್ರತಿ ಸಲ.

ಆ ಮಾತು ಖರೆ ಎಂದು ಯಾರಿಗೂ ಗೊತ್ತಿಲ್ಲ. ಒಂದು ಹನಿ ಮುಟ್ಟಿದವನಲ್ಲ. ಪಾತ್ರ ಕಲಿಸಿದ ಪರಪ್ಪ ಮಾಸ್ತರರ ಅಪ್ಪಣೆ. ಕುಡಿದವನಿಗೆ ನೆಟ್ಟಗೆ ನಿಲ್ಲುವ ಚಿಂತೆ, ಅವನು ಕುಡುಕನ ಪಾತ್ರ ಹೇಗೆ ಮಾಡಿಯಾನು — ಎನ್ನುತ್ತಿದ್ದರು. ಬಾಟಲಿಯಲ್ಲಿ ಚಹಾದ ಡಿಕಾಕ್ಷನ್ನು. ತುಟಿ ಮುಚ್ಚಿ ಗ್ಲಾಸು ಎತ್ತುವುದು, ಗಂಟಲು ಆಡಿಸುವುದು. ಅದೇ ವಿದ್ಯೆ.

ಬಾಜೂ ಮನೆಯ ಲಕ್ಕವ್ವ ಇವತ್ತೂ ನನ್ನ ಹೆಂಡತಿ ಕಾಶೆವ್ವನಿಗೆ ಸಮಾಧಾನ ಹೇಳಿದಳಂತೆ. “ಎಷ್ಟ ತಾಳ್ಕೊಂಡೀಯವ್ವಾ ಆ ಮನಶ್ಯಾನ್ನ.” ಕಾಶೆವ್ವ ಹಾಗಲ್ಲ ಎನ್ನಲಿಲ್ಲ. ಸಮಾಧಾನದ ಜೊತೆ ಒಂದು ಬಟ್ಟಲು ಗುರೆಳ್ಳು ಚಟ್ನಿ ಬಂದಿತ್ತು.

14 ನವೆಂಬರ್, ಶನಿವಾರ

ಕೆಂಚಪ್ಪನ ಫೋನು. ಗೋಕಾಕದಲ್ಲಿ ಬಾರ್ ಇಟ್ಟವನು. ನಮ್ಮ ನಾಟಕದ ಪೆಂಡಾಲು, ಮೈಕು ಎಲ್ಲ ಅವನ ಖರ್ಚು. ಎರಡು ತಿಂಗಳಿಂದ ಒಂದೇ ಜಪ. ಪುಣೆಯಲ್ಲಿ ಒಂದು ಹೋಟೆಲಿನವರು ಬೀರನ್ನು ಅಲ್ಲೇ, ಗಿರಾಕಿಯ ಕಣ್ಣೆದುರಿಗೇ ತಯಾರಿಸುತ್ತಾರಂತೆ. ಗೋಧಿಯ ಬೀರು. ಪೇಪರಿನಲ್ಲಿ ಓದಿದ್ದಾನೆ. ಕುಡಿದಿಲ್ಲ. ಆದರೂ ಹೊಗಳುತ್ತಾನೆ.

“ಶಿದ್ಲಿಂಗಪ್ಪಾ, ನಾಳಿ ಸಂಜೀಕ ಬಾ. ಐದು ಲೀಟರ್ ತರಸಾಕತ್ತೇನಿ. ದೊಡ್ಡ ದೊಡ್ಡ ಮಂದೀನ ಕರದೇನಿ. ಆದ್ರ ನೀ ಹೌದು ಅಂದ್ರನ ಹೌದು. ಕುಡಿಯೂದ್ರಾಗ ನಿನ್ನಷ್ಟು ತಿಳಿದಾಂವ ಮೂರು ತಾಲೂಕಿನಾಗ ಯಾರದಾನ?”

ಏನು ಹೇಳಲಿ! “ಬರ್ತೇನಿ,” ಅಂದೆ. ಗಂಭೀರವಾಗಿ.

15 ನವೆಂಬರ್, ಭಾನುವಾರ. ಬೆಳಿಗ್ಗೆ 11

ಲಕ್ಷ್ಮಣ ಬಂದು ಹೋದ. ಕೆಂಚಪ್ಪನ ಹೆಂಡತಿ ಶೋಭಾಳ ತಮ್ಮ. ಟೆಂಪೊದಲ್ಲಿ ಪುಣೆಗೆ ಬೆಲ್ಲ ಒಯ್ಯುತ್ತಾನೆ. ಬರುವಾಗ ಬೀರಿನ ಕ್ಯಾನು ತರುವ ಕೆಲಸ ಅವನದು. ಮುಖ ನೋಡಿದರೆ ದುರಂತ ನಾಟಕದ ಐದನೇ ಅಂಕ.

“ಮಾಸ್ತರ, ನಿಪ್ಪಾಣಿ ದಾಟಿದ್ನಿರಿ. ಹಿಂದ ಢಬ್ ಅಂತು. ಟಾಯರ್ ಹೋತು ಅಂತ ಇಳದೆ. ಟಾಯರ್ ಸುದ್ದ ಐತಿ. ಕ್ಯಾನಿನ ಮುಚ್ಚಳಾ ಇಲ್ಲ!”

ಬಿಸಿಲು, ಕುಲುಕಾಟ. ಉಬ್ಬಿ ಒಡೆದಿದೆ. ತಳದಲ್ಲಿ ಒಂದು ಗ್ಲಾಸಿನಷ್ಟು ಉಳಿದಿತ್ತು. ಅದರಲ್ಲಿ ಒಂದು ಹುಲ್ಲುಕಡ್ಡಿ.

“ಮಾವಗ ಹೇಳೋ,” ಅಂದೆ.

“ಏನಂತ ಹೇಳ್ಲಿರಿ? ಮಂದೀನ ಕರದಾನ. ನನ್ನ ಟೆಂಪೊದ ಬುಡಕ ಹಾಕ್ತಾನ ನನ್ನ! ನೀವು ಇಷ್ಟು ವರ್ಷ ಸ್ಟೇಜಿನ ಬಾಟಲಿ ತುಂಬೀರಿ. ಇದೊಂದ ಸಲ ತುಂಬ್ರಿ, ಕಾಲ ಬೀಳ್ತೇನಿ.”

ಕಾಲಿಗೆ ಬಿದ್ದೂ ಬಿಟ್ಟ. ಕಲಾವಿದನನ್ನು ಕೆಣಕಿದ ಹಾಗಾಯಿತು. ಕೇಳಿದೆ — ಬಣ್ಣ ಹೇಗೆ? ಮಸುಕು. ವಾಸನೆ? “ಕಿತ್ಲಿ ಹಣ್ಣು, ಹವೀಜ, ಹಂಗೇನೋ ಬಡೀತೈತ್ರಿ.”

ಮೂಡಲಗಿ ವೈನ್ ಶಾಪಿನಿಂದ ಸಾದಾ ಬೀರು ತರಿಸಿದೆ. ಏಳು ಬಾಟಲಿ. ಕೆಂಚಪ್ಪನ ಬಾರಿನಲ್ಲಿ ದಿನವೂ ಮಾರುವ ಅದೇ ಮಾಲು. ಕ್ಯಾನಿಗೆ ಸುರಿದೆ. ಹವೀಜ, ಅಂದರೆ ಕೊತ್ತಂಬರಿ ಬೀಜ, ಹುರಿದು, ಜಜ್ಜಿ, ಬಟ್ಟೆಯಲ್ಲಿ ಕಟ್ಟಿ ಬಿಟ್ಟೆ. ಕಿತ್ತಳೆ ಸಿಪ್ಪೆ. ಒಂದು ಹರಳು ಬೆಲ್ಲ. ಮಸುಕು ಬರಲು ಒಂದು ಚಮಚ ಗೋಧಿ ಹಿಟ್ಟು, ನೀರಲ್ಲಿ ಕಲಸಿ. ಕಾಶೆವ್ವ ಬಾಗಿಲಲ್ಲಿ ನಿಂತು ನೋಡಿದಳು.

“ಹಿಟ್ಟು ಉಳೀತಂದ್ರ ಹೇಳ್ರಿ, ಚಪಾತಿ ಮಾಡ್ತೇನಿ.”

16 ನವೆಂಬರ್, ಸೋಮವಾರ

ನಿನ್ನೆಯ ಪ್ರಯೋಗ ಬರೆಯಬೇಕು. ಪ್ರೇಕ್ಷಕರು ಐವರು — ಸಕ್ಕರೆ ಕಾರ್ಖಾನೆಯ ಸಾಹೇಬರು ಇಬ್ಬರು, ಒಬ್ಬ ಕಾಂಟ್ರ್ಯಾಕ್ಟರ್, ಕೆಂಚಪ್ಪ, ನಾನು. ಲಕ್ಷ್ಮಣ ಗೋಡೆಗೆ ಅಂಟಿಕೊಂಡು ನಿಂತಿದ್ದ. ಕ್ಯಾನನ್ನು ಐಸಿನಲ್ಲಿ ಇಟ್ಟಿದ್ದರು. ಕುಲುಕಿದ್ದಕ್ಕೋ ಏನೋ, ಸುರಿದರೆ ಒಂದು ಗೇಣು ನೊರೆ.

ಮೊದಲ ಗುಟುಕು. ಒಬ್ಬರ ಮುಖ ಒಬ್ಬರು ನೋಡಿದರು. ಕಾಂಟ್ರ್ಯಾಕ್ಟರ್ ಕಣ್ಣು ಮುಚ್ಚಿದ. “ಗೋಧಿ! ಗೋಧಿ ತಿಳೀತೈತಿ ನೋಡ್ರಿ!”

ತಿಳಿಯದೇ ಏನು. ಒಂದು ಚಮಚ ಹಾಕಿದ್ದೆ.

“ಪುಣೆ ನೀರಿನ ಗುಣಾರೀ ಅದು,” ಅಂದರು ಒಬ್ಬ ಸಾಹೇಬರು. “ನಮ್ಮ ಕಡೆ ಬೀರು ಕುದರಿ ಉಚ್ಚಿ,” ಅಂದರು ಇನ್ನೊಬ್ಬರು. ಎರಡನೇ ಗ್ಲಾಸು ಕೇಳಿದರು. ಆಮೇಲೆ ಎಲ್ಲರೂ ನನ್ನ ಕಡೆ ತಿರುಗಿದರು.

ಎದ್ದೆ. ಗ್ಲಾಸು ಬೆಳಕಿಗೆ ಹಿಡಿದೆ. ತುಟಿ ಮುಚ್ಚಿ ಎತ್ತಿದೆ, ಗಂಟಲು ಆಡಿಸಿದೆ. ಗ್ಲಾಸು ಇಳಿಸಿ, ಎಣಿಸಿ ಮೂರು ಉಸಿರು ಸುಮ್ಮನಿದ್ದೆ. ಆಮೇಲೆ ಬಿಟ್ಟೆ ನೋಡು ಧ್ವನಿ! “ಕೆಂಚಪ್ಪಾ! ಈ ನಾಲಿಗಿ ಭಾಳ ಬಾಟಲಿ ಕಂಡೈತಿ. ಆದ್ರ ಇಂಥಾದ್ದು ಕಂಡಿಲ್ಲಾ!”

ಚಪ್ಪಾಳೆ. ಕೆಂಚಪ್ಪನ ಕಣ್ಣಲ್ಲಿ ನೀರು. ಲಕ್ಷ್ಮಣನ ಕಣ್ಣಲ್ಲೂ, ಬೇರೆ ಕಾರಣಕ್ಕೆ.

ಹೆಮ್ಮೆಯಾಯಿತು, ಸುಳ್ಳು ಏಕೆ ಬರೆಯಲಿ. ಜೀವನದ ಅತಿ ಒಳ್ಳೆಯ ಪಾತ್ರ. ಹೇಳಿಕೊಳ್ಳುವಂತಿಲ್ಲ, ಅಷ್ಟೇ.

29 ನವೆಂಬರ್, ಭಾನುವಾರ

ತಾಲೀಮು. ಕೆಂಚಪ್ಪ ಬಂದು ಕುಳಿತ. ಗೋಕಾಕ ಫಾಲ್ಸಿಗೆ ಹೋಗುವ ರಸ್ತೆಯಲ್ಲಿ ಹೋಟೆಲು ಹಾಕುತ್ತಾನಂತೆ. ಅಲ್ಲೇ ಬೀರು ತಯಾರಿಸುವ ಮಷೀನು. ಪರವಾನಗಿ ಮುಂದೆ ಸಿಕ್ಕೀತು, ಮೊದಲು ಜಾಗ ಹಿಡಿಯಬೇಕು. ಅದಕ್ಕೆ ಹುಕ್ಕೇರಿಯ ಪ್ಲಾಟು ಮಾರುತ್ತಾನೆ.

ಹುಕ್ಕೇರಿಯದು ಅವನದಲ್ಲ. ಶೋಭಾಳದು. ಅವರಪ್ಪ ಮಗಳ ಹೆಸರಿಗೆ ಬರೆದುಕೊಟ್ಟದ್ದು.

“ನೀ ಅಂದ ಮಾತು ಸಾಕು ನನಗ,” ಎಂದು ನನ್ನ ಭುಜ ತಟ್ಟಿದ.

ಕಂಬಕ್ಕೆ ಹಾಯುವಾಗ ಇವತ್ತು ಖರೆ ಹಾಯ್ದೆ. ಹಣೆ ಬಾತಿದೆ.

2 ಡಿಸೆಂಬರ್, ಬುಧವಾರ

ಶೋಭಾ ಬಂದಿದ್ದಳು. ಒಬ್ಬಳೇ, ಗೋಕಾಕದಿಂದ ಬಸ್ಸಿಗೆ. ಪರದೆಗಳ ನಡುವೆ ಕುಳಿತಳು. ಕಾಶೆವ್ವ ಕೊಟ್ಟ ಚಹಾ ಆರಿತು, ಮುಟ್ಟಲಿಲ್ಲ.

“ಅಣ್ಣಾ, ಸೋಮವಾರ ಹುಕ್ಕೇರ್ಯಾಗ ಸಹಿ. ನಮ್ಮಪ್ಪ ನನಗಂತ ಕೊಟ್ಟಿದ್ದು ಅದೊಂದ. ಇವರು ದಿನಾ ನಿಮ್ಮ ಹೆಸರ ಹೇಳ್ತಾರ. ನಿಮ್ಮನ್ನ ಕೇಳಾಕ ಬಂದೇನಿ. ಅದು ಅಷ್ಟು ಛಲೋ ಐತೇನು?”

ಆಗಲೇ ಹೇಳಬೇಕಿತ್ತು. ಬಾಯಿ ತೆರೆದೆ. ಏನು ಬಂತು ಬಾಯಿಂದ? “ತಂಗೀ, ಅಮೃತ!” ಅದೂ ಕೈ ಎತ್ತಿ.

ಲಕ್ಷ್ಮಣನಿಗೆ ಮಾತು ಕೊಟ್ಟಿದ್ದೆ… ಕೆಂಚಪ್ಪ ಕೈಬಿಟ್ಟರೆ ನಾಟಕ ನಿಲ್ಲುತ್ತದೆ… ಇವೆಲ್ಲ ಆಮೇಲೆ ಹುಡುಕಿಕೊಂಡ ಕಾರಣ. ಖರೆ ಕಾರಣ ಒಂದೇ. ಮೂರು ತಾಲೂಕಿನಲ್ಲಿ ಕುಡಿತ ತಿಳಿದವನೆಂಬ ಹೆಸರು. ಅದು ಹೋಗುತ್ತದೆ.

ಆಕೆ ಹೋದ ಮೇಲೆ ಕಾಶೆವ್ವ ಅಂದಳು, “ಖರೆ ಮುಚ್ಚಿಟ್ಟು ಲಕ್ಕವ್ವನ ಚಟ್ನಿ ನಾ ತಿಂದೆ. ಅದು ಚಟ್ನಿ. ಇದು ಮತ್ತೊಬ್ಬರ ಅಪ್ಪ ಕೊಟ್ಟ ಜಾಗಾ.”

ಪರದೆಗೆ ತೇಪೆ ಹಚ್ಚುತ್ತ ಕುಳಿತೆ.

7 ಡಿಸೆಂಬರ್, ಸೋಮವಾರ

ಬೆಳಿಗ್ಗೆ ಮೊದಲ ಬಸ್ಸು. ಅರಭಾವಿಯಲ್ಲಿ ಕಾಲೇಜಿನ ಹುಡುಗರು ಇಳಿದರು, ಘಟಪ್ರಭಾದಲ್ಲಿ ಬಸ್ಸು ಬದಲು. ಹುಕ್ಕೇರಿಯ ರಜಿಸ್ಟರ್ ಆಫೀಸು ತಲುಪಿದಾಗ ಹನ್ನೊಂದು ದಾಟಿತ್ತು. ವರಾಂಡದ ತುಂಬ ಜನ. ಶೋಭಾ ಮೇಜಿನ ಮುಂದೆ, ಕೈಯಲ್ಲಿ ಪೆನ್ನು. ಬಾಜೂಕೆ ಕೆಂಚಪ್ಪ. ಕೊಳ್ಳುವವರು ಪೇಡೆಯ ಡಬ್ಬಿ ಹಿಡಿದು ನಿಂತಿದ್ದರು.

“ನಿಲ್ಲಸ್ರಿ!” ಅಂದೆ. ನನ್ನ ಧ್ವನಿ. ಟೈಪಿಸ್ಟರ ಕೈ ಕೂಡ ನಿಂತಿತು.

“ಏನಾತೋ ಶಿದ್ಲಿಂಗಪ್ಪಾ?” ಎಂದ ಕೆಂಚಪ್ಪ.

“ಆ ಬೀರು ಪುಣೇದ್ದಲ್ಲ. ನಾ ಮಾಡಿದ್ದು. ನಿನ್ನ ಬಾರಿನಾಗ ಮಾರೂ ಬೀರಿಗೆ ಹವೀಜ ಹಾಕಿದ್ದು. ಮತ್ತ ನಾ ಅದನ್ನ ಕುಡದಿಲ್ಲ. ಯಾವದನ್ನೂ ಕುಡದಿಲ್ಲ. ನಾ ಜನ್ಮದಾಗ ಕುಡದಿಲ್ಲಾ!”

ಒಂದು ಕ್ಷಣ. ಆಮೇಲೆ ವರಾಂಡದ ಆ ತುದಿಯಿಂದ ಶಿಳ್ಳೆ. ಗುರುತು ಹಿಡಿದಿದ್ದರು! “ಏ, ನಾಟಕದ ಕುಡುಕ್ಯಾರೀ!” ಎಂದ ಒಬ್ಬ. “ಇವತ್ತ ಮುಂಜಾನೆನ ಹಾಕ್ಯಾನ,” ಎಂದ ಇನ್ನೊಬ್ಬ. “ಮಾಸ್ತರ, ಕಂಬಕ್ಕ ಹಾಯ್ರಿ ಒಮ್ಮಿ!” ನಗೆಯೋ ನಗೆ. ಕೆಂಚಪ್ಪನೂ ನಕ್ಕ. “ಹೋಗೋ, ನಿಂಬಿಹಣ್ಣಿನ ನೀರು ಕುಡದು ಮಲಗ ಹೋಗು.”

ಇಪ್ಪತ್ತಾರು ವರ್ಷ ಆ ಮಾತಿಗೆ ಇದೇ ನಗೆ ಬೇಡಿದ್ದೆ. ಇವತ್ತು ಬೇಡವಾದಾಗಲೂ ಬಂತು.

ನಗದವಳು ಶೋಭಾ ಒಬ್ಬಳು. ಪೆನ್ನಿನ ಟೊಪ್ಪಿಗೆ ಹಾಕಿದಳು. ತಮ್ಮನಿಗೆ ಫೋನು ಹಚ್ಚಿ, ಸ್ಪೀಕರ್ ಹಾಕಿ ಮೇಜಿನ ಮೇಲೆ ಇಟ್ಟಳು. “ಲಕ್ಷ್ಮಣಾ, ಆ ಕ್ಯಾನಿನಾಗ ಏನಿತ್ತು?” ಬಹಳ ಹೊತ್ತು ಟೆಂಪೊದ ಸದ್ದು. ಆಮೇಲೆ — “ಅಕ್ಕಾ… ಮಾವ ಬಾಜೂಕ ಅದಾನೇನ?”

ಅಷ್ಟು ಸಾಕಾಯಿತು.

ಕೆಂಚಪ್ಪನ ಮುಖ ಮೊದಲು ಕೆಂಪು, ಆಮೇಲೆ ಬಿಳಿ. ನನಗೆ ಹೊಡೆದಿದ್ದರೆ ಛಲೋ ಇತ್ತು. ಹೊಡೆಯಲಿಲ್ಲ. “ಗೋಧಿ ತಿಳೀತಂದ್ರಲ್ಲೋ ಅವರು…” ಎಂದ. “ನನಗೂ ತಿಳದಿತ್ತಲ್ಲೋ.”

“ಇವತ್ತ ಸಹಿ ಇಲ್ಲ,” ಅಂದಳು ಶೋಭಾ. ಕೊಳ್ಳುವವರು ಪೇಡೆಯ ಡಬ್ಬಿ ತಿರುಗಿ ಚೀಲಕ್ಕೆ ಹಾಕಿದರು.

11 ಡಿಸೆಂಬರ್, ಶುಕ್ರವಾರ

ಪೆಂಡಾಲಿನವರು ಬಂದು ಅಳತೆ ಮಾಡಬೇಕಿತ್ತು. ಬರಲಿಲ್ಲ. ಕೆಂಚಪ್ಪ ಫೋನು ಎತ್ತುವುದಿಲ್ಲ. ಲಕ್ಷ್ಮಣನ ಟೆಂಪೊದಲ್ಲಿ ಪುಣೆಗೆ ಹೋಗಿದ್ದಾನಂತೆ, ತಾನೇ ಕುಡಿದು ನೋಡಲು. ಛಲೋ ಇದ್ದರೆ ಬಂದು ಪ್ಲಾಟು ಮಾರುತ್ತಾನಂತೆ. ಹಟ.

ಲಕ್ಕವ್ವನಿಗೆ ಸುದ್ದಿ ಮುಟ್ಟಿದೆ. ಇವತ್ತು ಚಟ್ನಿ ಇಲ್ಲ.

16 ಡಿಸೆಂಬರ್, ಬುಧವಾರ. ಸಂಜೆ 5.40. ಗೋಕಾಕ ಬಸ್‌ಸ್ಟ್ಯಾಂಡು

ಮೂಡಲಗಿ ಬಸ್ಸು ಇನ್ನೂ ಬಂದಿಲ್ಲ. ಕಟ್ಟೆಯ ಮೇಲೆ ಕುಳಿತು ಬರೆಯುತ್ತಿದ್ದೇನೆ. ಈಗಲೇ ಬರೆಯಬೇಕು.

ಮಧ್ಯಾಹ್ನ ಕೆಂಚಪ್ಪ ಕರೆಸಿದ. ಮನೆಗೆ, ಬಾರಿಗಲ್ಲ. ಥರ್ಮಾಕೋಲ್ ಪೆಟ್ಟಿಗೆ, ಐಸು, ಎರಡು ಬಾಟಲಿ. ಅಸಲಿ ಪುಣೆ.

“ಅಲ್ಲಿ ಆರು ಗ್ಲಾಸು ಕುಡದೆ,” ಅಂದ. “ಒಂದನೇದಕ್ಕ ನೀ ಮಾಡಿದ್ದ ಛಲೋ ಅನಸ್ತು. ಮೂರನೇದಕ್ಕ ಇದು ಛಲೋ ಅನಸ್ತು. ಆರನೇದಕ್ಕ ನಿನ್ನ ನೆನಸ್ಕೊಂಡು ಅತ್ತೆ, ಹಲಕಟ್ಟ್ಯಾ. ನನ್ನ ನಾಲಿಗಿ ಮ್ಯಾಲ ಈಗ ನನಗ ಭರೋಸಾ ಇಲ್ಲ. ನಿಂದು ಒಂದು ಹನೀನೂ ಮುಟ್ಟದ ಹೊಸಾ ನಾಲಿಗಿ. ಕುಡಿ. ಖರೇನ ಕುಡಿ. ನೀ ಹೇಳಿದ್ದ ಮಾಡ್ತೇನಿ.”

ಬೇಡ ಎನ್ನುವಂತಿರಲಿಲ್ಲ. ಪರಪ್ಪ ಮಾಸ್ತರರನ್ನು ನೆನೆದೆ. ತುಟಿ ತೆರೆದೆ.

ಕಹಿ. ತಂಪು. ಮೂಗಿನಲ್ಲಿ ಏನೋ ಹಣ್ಣಿನ ಹಾಗೆ… ಬಾಳೆಹಣ್ಣೇ? ಗಂಟಲಲ್ಲಿ ಸೂಜಿ. ಅಷ್ಟೇ. ಮಾತು ಹುಡುಕಿದೆ, ಒಂದೂ ಇಲ್ಲ. ಕಂಡಿಲ್ಲದ ವಸ್ತುವಿಗೆ ಅಷ್ಟು ಉದ್ದ ಭಾಷಣ ಹೊಡೆದವನು, ಬಾಯಲ್ಲಿಟ್ಟುಕೊಂಡು ಮೂಕ.

“ತಿಳೀವಲ್ದು ಕೆಂಚಪ್ಪಾ,” ಅಂದೆ. ಮೆಲ್ಲಗೆ. “ನನಗ ತಿಳೀವಲ್ದು.”

ಅವನು ತಲೆ ಹಿಡಿದುಕೊಂಡ. “ಹಂಗಾರ ಯಾರನ್ನ ಕೇಳ್ಲೋ ನಾ?”

ಆಗ ಅಡುಗೆಮನೆಯ ಬಾಗಿಲಿಂದ ಶೋಭಾ ಬಂದಳು. ಕೈಯಲ್ಲಿ ಲಟ್ಟಣಿಗೆ ಇತ್ತು; ಪೆಟ್ಟಿಗೆಯ ಮೇಲಿಟ್ಟಳು. “ಜಾಗಾ ಯಾರದು? ಮೂರು ತಿಂಗಳಾತು ಇದ ಜಪಾ. ಸಾಹೇಬರಿಗೆ ಕುಡಸಿದ್ರಿ, ಕಾಂಟ್ರ್ಯಾಕ್ಟರಗ ಕುಡಸಿದ್ರಿ. ನನ್ನ ಕೇಳಿದ್ರೇನು?” ನನ್ನ ಕೈಯ ಗ್ಲಾಸು ತೆಗೆದುಕೊಂಡಳು. ಕೆಂಚಪ್ಪ “ಏ, ಏ—” ಎನ್ನುವುದರೊಳಗೆ ಒಂದು ಗುಟುಕು. ನಿಂತಳು. ಇನ್ನೊಂದು. ನಾನು ಬಿಡುವ ನಾಟಕದ ಬಿಡುವಲ್ಲ ಅದು, ಖರೆ ರುಚಿ ನೋಡುವವರ ಬಿಡುವು. ಅಷ್ಟು ಚೆಂದ ನನಗೆ ಎಂದೂ ಬಂದಿಲ್ಲ.

ಸೆರಗಿನಿಂದ ಬಾಯಿ ಒರೆಸಿಕೊಂಡಳು.

“ಛಲೋ ಐತಿ,” ಅಂದಳು. “ಸುಳ್ಳು ಯಾಕ ಹೇಳ್ಲಿ. ಅಣ್ಣಾನ ಹವೀಜದ ನೀರು ಹೆಂಗಿತ್ತೋ ನನಗ ಗೊತ್ತಿಲ್ಲ, ಇದು ಮಾತ್ರ ಛಲೋ ಐತಿ. ಒಂದು ಗ್ಲಾಸಿನಷ್ಟು ಛಲೋ ಐತಿ. ನಮ್ಮಪ್ಪನ ಜಾಗಾದಷ್ಟಿಲ್ಲ.”

ಕಪಾಟು ತೆರೆದು, ಮೇಜಿನ ಮೇಲಿದ್ದ ಪ್ಲಾಟಿನ ಕಾಗದಪತ್ರಗಳ ಚೀಲ ಒಳಗಿಟ್ಟಳು. ಕೀಲಿ ಹಾಕಿದಳು. ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿ, ಲಟ್ಟಣಿಗೆ ತೆಗೆದುಕೊಂಡು ಒಳಗೆ ಹೋದಳು. ಗ್ಲಾಸು ಖಾಲಿಯಾಗಿರಲಿಲ್ಲ — ಅದನ್ನೂ ಒಯ್ದಳು.

ಕೆಂಚಪ್ಪ ಮುಚ್ಚಿದ ಕಪಾಟು ನೋಡಿದ. ಆಮೇಲೆ ನನ್ನ ಹಣೆಯ ಕಲೆ ನೋಡಿದ. “ಪೆಂಡಾಲ ಎಷ್ಟು ಫೂಟಿನದು ಬೇಕೋ?” ಎಂದ. ನಗಲಿಲ್ಲ. ನಾನೂ ನಗಲಿಲ್ಲ. ಹೇಳಿದೆ.

ಈಗ ಒಂದೇ ಚಿಂತೆ. ಒಂದು ಗುಟುಕು ಖರೆ ಒಳಗೆ ಹೋಗಿದೆ. ಭಾನುವಾರ ಎದೆ ಬಡಿದುಕೊಂಡು ಆ ಮಾತು ಹೇಳಬೇಕು — ನಾ ಜನ್ಮದಾಗ… ಹೇಗೆ ಹೇಳಲಿ? ಬಸ್ಸು ಬಂತು. ನೆಟ್ಟಗೆ ಎದ್ದು ನಿಂತು ನೋಡುತ್ತೇನೆ, ನಿಲ್ಲಲು ಬರುತ್ತದೋ ಇಲ್ಲವೋ.