ಲಿಫ್ಟಿನಲ್ಲಿ ಹೆದರಿದವನು ನಾನೇ

ಪರದೆಯ ಮೇಲಿನ ನನ್ನ ಅಣ್ಣನಿಗೆ,

ನಿಮ್ಮ ಮ್ಯಾನೇಜರ್ ಮೊನ್ನೆ ನಮ್ಮ ಬಟ್ಟೆ ಅಂಗಡಿಗೆ ಬಂದಿದ್ದರು. ಗಿರಾಕಿಯ ಹಾಗೆ ನನ್ನ ಲಿಫ್ಟ್ ಹತ್ತಿ, ಉಳಿದವರು ಇಳಿದ ಮೇಲೆ ಪಿಸುಗುಟ್ಟಿದರು: "ಸಾಹೇಬ್ರಿಗೆ ನಿದ್ದೇನೇ ಬರ್ತಿಲ್ಲ ಕಣ್ರೀ. ಮುಂದಿನ ವಾರ ಟೀವಿ ಸಂದರ್ಶನ ಇದೆ. ಅವತ್ತು ಲಿಫ್ಟಲ್ಲಿ ಹೆದರಿದ್ದು ತಾನೇ ಅಂತ ಹೇಳ್ಬಿಡ್ತಾರಂತೆ. ನಿಮ್ಮ ಮೇಲಿನ ಅಪವಾದ ಹೋಗುತ್ತೆ ಬಿಡಿ." ಶುಭ ಸುದ್ದಿ ಮುಟ್ಟಿಸಿದೆನೆಂಬ ಮುಖ ಮಾಡಿಕೊಂಡು ಅವರು ಇಳಿದುಹೋದರು. ಅದಕ್ಕೇ ಈ ಪತ್ರ. ಅಣ್ಣಾ, ದಯವಿಟ್ಟು ನಿಜ ಹೇಳಬೇಡಿ.

ಹೀಗೆ ಬೇಡಿಕೊಳ್ಳಲು ನನಗೆ ನಾಚಿಕೆಯಾಗುತ್ತಿದೆ. ಸುಳ್ಳು ಹೇಳಬಾರದೆಂದು ನಾನು ಕಲಿತದ್ದೇ ನಿಮ್ಮ ಸಿನಿಮಾಗಳಿಂದ. ನಮ್ಮಪ್ಪ ಕಂಡಕಂಡವರಿಗೆಲ್ಲ ಬೆನ್ನು ಬಗ್ಗಿಸಿ ಬಗ್ಗಿಸಿ, ಕೊನೆಗೆ ನೆಟ್ಟಗೆ ನಿಲ್ಲುವುದನ್ನೇ ಮರೆತು ಸತ್ತವನು. ಗಂಡಸು ಹೇಗೆ ನಿಲ್ಲಬೇಕು, ದೊಡ್ಡವರ ಎದುರು ಹೇಗೆ ಮಾತಾಡಬೇಕು ಎಂದು ತೋರಿಸಿಕೊಡಲು ನನಗೆ ಮನೆಯಲ್ಲಿ ಯಾರೂ ಇರಲಿಲ್ಲ. ನೀವು ತೋರಿಸಿದಿರಿ. ನಿಮ್ಮ ಹಾಗೆ ತೋಳು ಮಡಿಸಿದೆ, ನಿಮ್ಮ ಹಾಗೆ ಮೀಸೆ ಬಿಟ್ಟೆ. ನೀವು ಕುಡಿಯುವುದಿಲ್ಲ ಎಂದು ಎಲ್ಲೋ ಓದಿ ನಾನೂ ಕುಡಿತ ಬಿಟ್ಟೆ. ಅದೊಂದು ಒಳ್ಳೆಯದಾಯಿತೆಂದು ನನ್ನ ಹೆಂಡತಿ ಈಗಲೂ ಒಪ್ಪುತ್ತಾಳೆ, ಮೀಸೆಗೆ ಮಾತ್ರ ಬಯ್ಯುತ್ತಾಳೆ. ಲಿಫ್ಟಿನ ಗುಂಡಿಗಳ ಪಕ್ಕ ನಿಮ್ಮ ಚಿತ್ರ ಅಂಟಿಸಿಕೊಂಡಿದ್ದೆ. ಅಂಗಡಿಯಲ್ಲಿ ಎಲ್ಲರೂ ನನ್ನನ್ನು ಹೀರೋ ಎಂದೇ ಕರೆಯುತ್ತಿದ್ದರು. ಅರ್ಧ ತಮಾಷೆಗೆಂದು ಗೊತ್ತಿದ್ದೂ ನಾನು ಪೂರ್ತಿ ಹಿಗ್ಗುತ್ತಿದ್ದೆ.

ಇನ್ನು ನನ್ನ ಮಗಳ ವಿಷಯ. ದೀಪದ ಬುಡದಲ್ಲೇ ಕತ್ತಲೆ ಎನ್ನುತ್ತಾರಲ್ಲ, ಹಾಗೆ ಲಿಫ್ಟಿನವನ ಮಗಳಿಗೆ ಲಿಫ್ಟೆಂದರೆ ಜೀವಭಯ. ಚಿಕ್ಕವಳಿದ್ದಾಗ ಬಾಗಿಲು ಮುಚ್ಚಿದ ಕೂಡಲೇ ಕಿರುಚುತ್ತಿದ್ದಳು. ಬೇರೆ ಅಪ್ಪಂದಿರು ಎತ್ತಿಕೊಳ್ಳುತ್ತಿದ್ದರೋ ಏನೋ. ನಾನು ನೆಂಟರ ಮುಂದೆ ಅವಳನ್ನು ನಿಲ್ಲಿಸಿ, "ನಮ್ಮ ಹೀರೋ ಏನಂತಾರೆ? ಹೇಳು, ಹೇಳು" ಎಂದು ನಿಮ್ಮ ಡೈಲಾಗ್ ಹೇಳಿಸುತ್ತಿದ್ದೆ. "ಭಯಾನಾ? ಅದಕ್ಕೆ ನನ್ನ ಕಂಡ್ರೆ ಭಯ!" ಅವಳು ಅಳುತ್ತಲೇ ಹೇಳುವಳು. ನೆಂಟರು ಬಿದ್ದುಬಿದ್ದು ನಗುವರು, ಎಲ್ಲರಿಗಿಂತ ಜೋರಾಗಿ ನಾನು. ದೊಡ್ಡವಳಾಗುತ್ತಾ ನನ್ನೊಡನೆ ಮಾತು ಕಡಿಮೆ ಮಾಡಿದಳು. ನಾನು ಮನೆಗೆ ಬಂದರೆ ಎದ್ದು ಒಳಗೆ ಹೋಗುವಳು. ವಯಸ್ಸೇ ಅಂಥದ್ದು ಎಂದುಕೊಂಡೆ.

ನರ್ಸ್ ಆಗಬೇಕೆಂಬುದು ಅವಳ ಆಸೆ. ಈ ವರ್ಷ ಸೇರಬೇಕಿತ್ತು. ಸೇರುವುದಿಲ್ಲ ಎಂದು ಅಮ್ಮನ ಹತ್ತಿರ ಹೇಳುತ್ತಿದ್ದುದು ನನ್ನ ಕಿವಿಗೂ ಬಿತ್ತು. "ಪೇಷಂಟ್‌ನ ಸ್ಟ್ರೆಚರ್ ಮೇಲೆ ಮೆಟ್ಟಿಲು ಹತ್ತಿಸಕ್ಕಾಗುತ್ತಾ ಅಮ್ಮ? ಲಿಫ್ಟಲ್ಲಿ ಜೊತೆಗೆ ಹೋಗ್ಲೇಬೇಕು. ನನ್ನ ಕೈಲಾಗಲ್ಲ." ನಾನು ಹೊರಗಿನ ಕೋಣೆಯಲ್ಲಿ ಮೀಸೆ ತಿದ್ದಿಕೊಳ್ಳುತ್ತಿದ್ದೆ. ಅಲ್ಲಿಂದಲೇ "ಪುಕ್ಕಲಿ" ಎಂದೆ. ಒಳಗೆ ಕೋಣೆಯ ಬಾಗಿಲು ಮುಚ್ಚಿಕೊಂಡಿತು.

ಇದಾದ ಕೆಲವೇ ದಿನಕ್ಕೆ ನಮ್ಮ ಅಂಗಡಿಯ ಹೊಸ ಮಹಡಿ ಉದ್ಘಾಟಿಸಲು ನೀವು ಬಂದಿರಿ. ಕೆಳಗೆ ಜನ ಮೈಮೇಲೆ ಬೀಳುತ್ತಿದ್ದರು, ನಿಮ್ಮ ಹುಡುಗರು ಅವರನ್ನು ತಡೆಯಲು ಹೋದರು, ಆ ಗಡಿಬಿಡಿಯಲ್ಲಿ ನಾನು ಬಾಗಿಲು ಹಾಕಿಬಿಟ್ಟೆ. ನೀವು ಮತ್ತು ನಾನು, ಇಬ್ಬರೇ. ಎರಡು ಮಹಡಿಗಳ ನಡುವೆ ಕರೆಂಟ್ ಹೋಯಿತು. ಅದು ನಮಗೆ ಮಾಮೂಲು. ಜನರೇಟರ್ ಶುರುವಾದರೆ ಸರಿಹೋಗುತ್ತದೆ, ಅಲ್ಲಿಯವರೆಗೆ ಸಣ್ಣ ದೀಪವೊಂದು ಉರಿಯುತ್ತದೆ. ಅದನ್ನೇ ಹೇಳೋಣವೆಂದು ತಿರುಗಿದರೆ ನೀವು ನನ್ನ ಸ್ಟೂಲಿನ ಮೇಲೆ ಕುಸಿದಿದ್ದಿರಿ. ತಲೆ ಗೋಡೆಗೆ ಒತ್ತಿಕೊಂಡಿದ್ದಿರಿ, ಮಂಡಿಗಳು ಒಂದಕ್ಕೊಂದು ಬಡಿಯುತ್ತಿದ್ದವು. ಬೆವರಿದ ಕೈಯಿಂದ ನನ್ನ ಕೈ ಹಿಡಿದು, "ಮಾತಾಡಿ, ಏನಾದ್ರೂ ಮಾತಾಡ್ತಾ ಇರಿ" ಎಂದಿರಿ.

ನಿಮ್ಮನ್ನು ಕಂಡರೆ ಏನೇನು ಹೇಳಬೇಕೆಂದು ನಾನು ಎಷ್ಟು ವರ್ಷ ಕನ್ನಡಿಯ ಮುಂದೆ ನಿಂತಿದ್ದೆನೋ! ಆ ಗಳಿಗೆಯಲ್ಲಿ ಒಂದೂ ನೆನಪಾಗಲಿಲ್ಲ. ಬಾಯಿಗೆ ಬಂದದ್ದು ಇಷ್ಟೇ: "ನನ್ನ ಮಗಳೂ ಹೀಗೇ ಅಣ್ಣಾ, ಶುದ್ಧ ಪುಕ್ಕಲಿ." ನೀವು ತಲೆಯೆತ್ತಿ ನನ್ನನ್ನು ನೋಡಿದಿರಿ. ಆ ನೋಟ ನಿಮ್ಮ ಯಾವ ಸಿನಿಮಾದಲ್ಲೂ ಇಲ್ಲ. ಆಮೇಲೆ ಮೆಲ್ಲಗೆ ನಿಮ್ಮ ಕೈ ಹಿಂದಕ್ಕೆ ತೆಗೆದುಕೊಂಡಿರಿ.

ಕರೆಂಟ್ ಬಂತು. ಬಾಗಿಲು ತೆರೆಯುವಷ್ಟರಲ್ಲಿ ನೀವು ಮುಖ ಒರೆಸಿ ಎದ್ದು ನಿಂತಾಗಿತ್ತು. ಎದುರಿಗೆ ಕ್ಯಾಮೆರಾಗಳ ಸಾಲು. ನನ್ನ ಹೆಗಲ ಮೇಲೆ ಕೈಹಾಕಿ, "ಪಾಪ, ಈ ಸಹೋದರ ತುಂಬಾ ಹೆದರಿಬಿಟ್ಟಿದ್ರು. ನಾನೇ ಧೈರ್ಯ ಹೇಳ್ದೆ" ಎಂದಿರಿ. ನಾನು ಹೌದೆಂದು ತಲೆಯಾಡಿಸಿದೆ. ಅಪ್ಪನದೇ ಮಗ ನೋಡಿ, ಬೆನ್ನು ತಾನಾಗಿಯೇ ಬಗ್ಗಿತು.

ಸಿಟ್ಟು ಬರಲಿಲ್ಲವೆಂದರೆ ಸುಳ್ಳಾಗುತ್ತದೆ. ಅಂಗಡಿಯಲ್ಲಿ ಸಂಜೆಯೊಳಗೆ ಹೀರೋ ಹೋಗಿ ಪುಕ್ಕಲನಾಗಿದ್ದೆ. ಕ್ಯಾಷಿಯರ್ ನನ್ನ ಸ್ಟೂಲಿನ ಮೇಲೆ ಒಂದು ಲೋಟ ನೀರಿಟ್ಟು, "ಮೇಲೆ ಹೋಗೋ ಮುಂಚೆ ಕುಡ್ಕೊಂಡ್ಬಿಡಪ್ಪಾ" ಎಂದ. ಇಂಗು ತಿಂದ ಮಂಗನ ಹಾಗೆ ನಿಂತಿದ್ದೆ. ಮನೆಗೆ ಹೋಗಿ ನಿಮ್ಮ ಬಣ್ಣ ಬಯಲು ಮಾಡಬೇಕು, ಗೋಡೆಯ ಮೇಲಿರುವ ನಿಮ್ಮ ಪಟಗಳನ್ನೆಲ್ಲ ಕಿತ್ತು ಹಾಕಬೇಕು ಎಂದು ದಾರಿಯುದ್ದಕ್ಕೂ ಹಲ್ಲು ಕಡಿಯುತ್ತಾ ನಡೆದೆ.

ವಿಡಿಯೋ ನನಗಿಂತ ಮುಂಚೆ ಮನೆ ಸೇರಿತ್ತು. ಬಾಗಿಲು ತೆಗೆದವಳು ಮಗಳು. ಒಳಗೆ ಹೋಗಲಿಲ್ಲ. ನೀರು ತಂದುಕೊಟ್ಟು ನನ್ನ ಪಕ್ಕದಲ್ಲೇ ಕೂತಳು. "ಅಪ್ಪಾ, ತುಂಬಾ ಭಯ ಆಯ್ತಾ? ಎದೆ ಮೇಲೆ ಯಾರೋ ಹತ್ತಿ ಕೂತ ಹಾಗೆ ಆಗುತ್ತಲ್ವಾ? ನಂಗೂ ಹಾಗೇ ಆಗೋದು. ನಿಂಗೆ ಹೇಳಿದ್ರೆ ನಗ್ತೀಯ ಅಂತ ಹೇಳ್ತಿರ್ಲಿಲ್ಲ." ಹೆದರಿದ್ದು ನಾನಲ್ಲ ಕಣೇ ಎನ್ನಲು ಬಾಯಿ ತೆರೆದೆ. ಹೆಂಡತಿ ಅಡುಗೆಮನೆಗೆ ಕರೆದಳು. "ದಿನಾ ಲಿಫ್ಟಲ್ಲೇ ಇರೋ ಮನುಷ್ಯ ಲಿಫ್ಟಲ್ಲಿ ಹೆದರಿದ್ರಂತೆ. ನನ್ನ ಕಿವಿಗೆ ಹೂವ ಇಡ್ಬೇಡಿ. ಏನಾಗಿದ್ರೂ ಸರಿ, ಬಾಯ್ಮುಚ್ಕೊಂಡಿರಿ. ಮಗು ನಿಮ್ಮ ಹತ್ರ ಕೂತು ಮಾತಾಡಿ ಎಷ್ಟು ಕಾಲ ಆಯ್ತು?"

ಬಾಯಿ ಮುಚ್ಚಿಕೊಂಡಿದ್ದರೂ ಆಗುತ್ತಿತ್ತು. ನಾನು ಅದಕ್ಕಿಂತ ಕೆಟ್ಟದ್ದು ಮಾಡಿದೆ. ಏನೇನಾಯ್ತು ಹೇಳಪ್ಪಾ ಎಂದು ಅವಳು ಕೇಳಿದಾಗ ಮಂಡಿ ಬಡಿದುಕೊಂಡದ್ದು, ಅಂಗೈ ಬೆವರಿದ್ದು, ತಲೆಯನ್ನು ಗೋಡೆಗೆ ಒತ್ತಿಕೊಂಡದ್ದು, ನಿಮ್ಮದೆಲ್ಲವನ್ನೂ ನನ್ನದೆಂದು ಹೇಳಿಕೊಂಡೆ. ಇಷ್ಟು ವರ್ಷ ನಿಮ್ಮ ಧೈರ್ಯವನ್ನು ಕದ್ದು ತೊಟ್ಟುಕೊಂಡಿದ್ದೆ, ಅದು ಎಂದೂ ನನ್ನ ಅಳತೆಗೆ ಕೂರಲಿಲ್ಲ. ನಿಮ್ಮ ಭಯ ಮಾತ್ರ ಹೊಲಿಸಿದ ಹಾಗೆ ಕೂತಿತು. ಅವಳು ನನ್ನ ಕೈ ಸವರುತ್ತಾ ಕೇಳಿಸಿಕೊಂಡಳು. ಅಣ್ಣಾ, ನನ್ನ ಮಗಳ ಮರುಕವನ್ನು ಮೋಸದಿಂದ ತಿನ್ನುತ್ತಿದ್ದೇನೆ ಎಂದು ಗೊತ್ತಿತ್ತು. ಆದರೂ ಕೈ ಬಿಡಿಸಿಕೊಳ್ಳಲಿಲ್ಲ.

ನಿಮ್ಮ ಮ್ಯಾನೇಜರ್ ಬಂದು ಹೋದ ಮಾರನೆಯ ಬೆಳಿಗ್ಗೆ ಮಗಳು, "ಅಪ್ಪಾ, ಅಂಗಡಿ ತೆಗೆಯೋ ಮುಂಚೆ ಇಬ್ರೂ ಒಂದ್ಸಲ ಮೇಲಕ್ಕೆ ಹೋಗಿ ಬರೋಣ್ವಾ? ಹೆದರ್ಬೇಡ, ನಾನಿರ್ತೀನಿ" ಎಂದಳು. ಕಾವಲುಗಾರ ಬಾಗಿಲು ತೆಗೆದ. ಗೊಂಬೆಗಳಿಗೆ ಇನ್ನೂ ಬಟ್ಟೆ ಉಡಿಸಿರಲಿಲ್ಲ. ಲಿಫ್ಟಿನೊಳಗೆ ಹೋಗಿ ಬಾಗಿಲು ಹಾಕಿದೆ. ನಿಮ್ಮ ಹಾಗೆಯೇ ನಡುಗಿ ತೋರಿಸಬೇಕೆಂದು ತಯಾರಾಗಿಯೇ ಹೋಗಿದ್ದೆ. ಅವಳ ಹಣೆಯಲ್ಲಿ ಬೆವರು ಹನಿಯುತ್ತಿತ್ತು, ತುಟಿ ಬೆಳ್ಳಗಾಗಿತ್ತು, ಆದರೂ ನನ್ನ ಮಣಿಕಟ್ಟನ್ನೇ ಹಿಡಿದು ನಿಂತಿದ್ದಳು. "ಅಂಗಡೀಲಿ ಹೇಳ್ತೀಯಲ್ಲ, ಹಾಗೇ ಮಹಡಿ ಹೇಳ್ತಾ ಹೋಗಪ್ಪಾ. ಆಗ ಭಯ ಆಗಲ್ಲ" ಎಂದಳು.

ಹೇಳಲು ಬಾಯಿ ತೆರೆದೆ, ಆಗ ನಿಮ್ಮ ಮ್ಯಾನೇಜರ್ ಮಾತು ನೆನಪಾಯಿತು. ಮುಂದಿನ ವಾರ ನೀವು ಟೀವಿಯಲ್ಲಿ ಹೇಳುತ್ತೀರಿ, ಇವಳು ಕೇಳುತ್ತಾಳೆ. ಹೆದರದ ಅಪ್ಪ ಹೆದರಿದ ಹಾಗೆ ಆಡಿದ ಎಂದು ತಿಳಿದರೆ ಇದೂ ಒಂದು ಗೇಲಿ ಎಂದುಕೊಳ್ಳುತ್ತಾಳೆ. ಆಮೇಲೆ ಈ ಪೆಟ್ಟಿಗೆಯೊಳಗೆ ಅವಳು ಮತ್ತೆ ಒಬ್ಬಳೇ. ಅಷ್ಟು ಹೊಳೆದದ್ದೇ ತಡ, ನನ್ನ ಮಂಡಿಗಳು ಒಂದಕ್ಕೊಂದು ಬಡಿಯತೊಡಗಿದವು. ಎದೆ ಮೇಲೆ ಯಾರೋ ಹತ್ತಿ ಕೂತ ಹಾಗಾಯಿತು. ತಯಾರಿ ಮಾಡಿಕೊಂಡದ್ದೆಲ್ಲ ಮರೆತೇ ಹೋಗಿತ್ತು.

"ಅಪ್ಪಾ, ನಿಜವಾಗ್ಲೂ ನಡುಗ್ತಿದೀಯಲ್ಲೋ" ಎಂದಳು ಮಗಳು. ನನ್ನ ಕೈ ಇನ್ನಷ್ಟು ಬಿಗಿಯಾಗಿ ಹಿಡಿದು ತಾನೇ ಹೇಳತೊಡಗಿದಳು: "ಒಂದನೇ ಮಹಡಿ, ಗಂಡಸರ ಉಡುಪು. ಎರಡನೇ ಮಹಡಿ, ಹೆಂಗಸರ ಉಡುಪು. ಮೂರನೇ ಮಹಡಿ, ಮಕ್ಕಳ ಉಡುಪು..." ಅವಳ ದನಿ ಒಡೆಯುತ್ತಿತ್ತು, ಆದರೆ ನಿಲ್ಲಲಿಲ್ಲ. ಕೊನೆಗೆ, "ಬಂತಪ್ಪಾ. ಕಣ್ಣು ಬಿಡು" ಎಂದಳು. ಕಣ್ಣು ಮುಚ್ಚಿಕೊಂಡಿದ್ದೇನೆಂಬುದು ನನಗೆ ಗೊತ್ತೇ ಇರಲಿಲ್ಲ.

ಅವಳು ನರ್ಸಿಂಗ್ ಸೇರುತ್ತಾಳಂತೆ. ನೀವು ಹೆದರಿದ್ದನ್ನು ಅವಳಿಗೆ ಒಂದು ದಿನ ನಾನೇ ಹೇಳುತ್ತೇನೆ. ಅವಳು ಸ್ಟ್ರೆಚರ್ ಹಿಡಿದು ಒಬ್ಬಳೇ ಲಿಫ್ಟ್ ಹತ್ತಿದ ದಿನ. ಆಗ ಬಯ್ದರೆ ಬಯ್ಯಲಿ. ಅದು ನನ್ನ ಕೆಲಸ, ನಿಮ್ಮದಲ್ಲ. ಪುಕ್ಕಲಿ ಎಂದು ನಿಮ್ಮೆದುರು ಅಂದದ್ದಕ್ಕೆ ಕ್ಷಮಿಸಿ. ಅವತ್ತು ಆ ಮಾತಿನಿಂದ ನಿಮಗೂ ನೋವಾಯಿತೆಂದು ಈಗ ಅರ್ಥವಾಗುತ್ತಿದೆ. ನೀವು ಕ್ಯಾಮೆರಾಗಳ ಮುಂದೆ ಹೇಳಿದ್ದು ಅವತ್ತಿಗೆ ಸುಳ್ಳು, ಇವತ್ತಿಗೆ ನಿಜ. ತಿದ್ದಬೇಡಿ. ನಿಮ್ಮ ಪಟ ಗುಂಡಿಗಳ ಪಕ್ಕದಲ್ಲೇ ಇದೆ, ಕಿತ್ತಿಲ್ಲ.

ಇನ್ನು ಮೇಲೆ ನಿಮಗೆ ಕಣ್ತುಂಬ ನಿದ್ದೆ ಬರಲಿ ಅಣ್ಣಾ. ನೀವು ಹತ್ತಿದ ಲಿಫ್ಟಿನಲ್ಲೆಲ್ಲ ನಿಮ್ಮ ಕೈ ಹಿಡಿಯುವವರು ಯಾರಾದರೂ ಇರಲಿ, ಅವರು ನನ್ನ ಮಗಳಂಥವರಾಗಿರಲಿ, ನನ್ನಂಥವರು ಬೇಡ.

ನಿಮ್ಮನ್ನು ಈಗಲೂ ಬಿಡಲಾರದ,
ಬಟ್ಟೆ ಅಂಗಡಿಯ ಪುಕ್ಕಲ