ಕುರ್ಚಿಯವರ ಮಾತು ಮೊದಲು

ಅಪ್ಪಾ,

ಇವತ್ತು ಈ ಪರದೇಶದ ಮೌಂಟ್ ಆಲ್ಬರ್ಟಿನ ನನ್ನ ಕಟಿಂಗ್ ಅಂಗಡಿ ಥೇಟ್ ನಿನ್ನ ಗದಗಿನ ಅಂಗಡಿ ಆಗಿತ್ತು. ನೀ ಹೋದಮೇಲೆ ಇಂಥಾ ಸುದ್ದಿ ಹೇಳಲಿಕ್ಕೆ ಯಾರೂ ಇಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಏಳನೇ ಇಯತ್ತೆಗೆ ಶಾಲೆ ಬಿಟ್ಟವನ ಬರವಣಿಗೆ, ತಪ್ಪಿದ್ದರೆ ಬೈಯಬೇಡ.

ಟೀವಿಯಲ್ಲಿ ಪ್ಯಾಲೆಸ್ತೀನಿನ ಸುದ್ದಿ ಬಂತು. ಕಾಯುತ್ತ ಕೂತಿದ್ದ ಕ್ರೇಗ್ ಎಂಬ ಗಿರಾಕಿ, “ಅಲ್ಲಿನ ಲೀಡರ್‌ಗಳೆಲ್ಲ ಒಂದೇ, ಬರೀ ಬಂದೂಕಿನವರು” ಅಂದುಬಿಟ್ಟ. ನನ್ನ ಕತ್ತಿಗೆ ಗಡ್ಡ ಒಡ್ಡಿ ಕುರ್ಚಿಯಲ್ಲಿ ಕೂತಿದ್ದ ಬಸ್ಸಾಮ್ ಪ್ಯಾಲೆಸ್ತೀನಿನವನೇ. ಜಗಳ ಆದರೆ ಇಬ್ಬರೂ ಮತ್ತೆ ಬರುವುದಿಲ್ಲ, ಅಂಗಡಿಯ ಹೆಸರು ಕೆಡುತ್ತದೆ ಅಂತ ಹೆದರಿದೆ. ನೀ ಮಾಡುತ್ತಿದ್ದ ಹಾಗೆ ಕತ್ತಿ ಪಕ್ಕಕ್ಕಿಟ್ಟು, “ಇಲ್ಲಿ ಕುರ್ಚಿಯವರ ಮಾತು ಮೊದಲು” ಅಂದೆ.

ಬಸ್ಸಾಮ್ ಅರ್ಧ ಗಡ್ಡದಲ್ಲೇ ನಕ್ಕ. “ಎಲ್ಲಾ ಒಂದೇನು? ಯಾವ ಲೀಡರ್ ಚಲೋ ಅಂತ ಜಗಳಾಡಿ ನಮ್ಮವ್ವ, ನಮ್ಮ ಮಾವ ಮಾತು ಬಿಟ್ಟಾರ. ನೀನೇ ಬಂದು ರಾಜಿ ಮಾಡಿಸು ಮಾರಾಯ.”

“ಹಂಗಾರ ನೀ ಯಾರ ಕಡೆ?” ಅಂದ ಕ್ರೇಗ್.

“ನಮ್ಮಲ್ಲಿ ಅಧ್ಯಕ್ಷರನ್ನ ಆರಿಸೋ ಕಡೇ ಚುನಾವಣೆ ಆದಾಗ ನಾ ಗೋಲಿ ಆಡೋ ಹುಡುಗ. ಆಮ್ಯಾಲೆ ನನ್ನ ಯಾರೂ ಕೇಳಿಲ್ಲ, ನಿಮ್ಮ ಟೀವಿಯವರೂ ಕೇಳಿಲ್ಲ.”

ಕ್ರೇಗ್ ಸ್ಟೂಲು ಎಳೆದುಕೊಂಡು ಹತ್ತಿರ ಬಂದ. “ನಾ ಕೇಳತೀನಿ, ಹೇಳು” ಅಂದ. ನಾನು ಟೀವಿ ಆರಿಸಿದೆ. ಗಡ್ಡ ಮುಗಿದು ಎಷ್ಟೋ ಹೊತ್ತಾದರೂ ಇಬ್ಬರೂ ಏಳಲಿಲ್ಲ ಅಪ್ಪಾ, ನನಗೆ ಕುಣಿಯುವಷ್ಟು ಖುಷಿ.

ಊರವರ ರಾಜಕೀಯವನ್ನೆಲ್ಲ ನೀ ನಿಂತು ಕೇಳಿಸಿಕೊಳ್ಳುತ್ತಿದ್ದಿ. ನೀ ಯಾರಿಗೆ ವೋಟು ಹಾಕುತ್ತಿದ್ದಿ ಅಂತ ನನಗೆ ಇವತ್ತಿಗೂ ಗೊತ್ತಿಲ್ಲ.